ಒಂದೇ ಪದವನ್ನು ಐದು ತಾಣಗಳಲ್ಲಿ ಒಮ್ಮೆಲೇ ಹುಡುಕುವುದು ಹೇಗೆ?

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ಉಡುಪಿಯಲ್ಲಿ ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತೇನೆ. ಎರಡು ಮೂರು ಮುದ್ರಣಾಲಯಗಳಿಗೆ ಕರಡು ತಿದ್ದಿಯೂ ಕೊಡುತ್ತೇನೆ. ಯಾವುದಾದರೂ ಪದದ ಬಗ್ಗೆ ಅನುಮಾನ ಬಂದರೆ ಅಲರ್ ನಿಘಂಟು, ಕನ್ನಡ ವಿಕ್ಷನರಿ, ಕನ್ನಡ ವಿಕಿಪೀಡಿಯ, ಇಂಟರ್ನೆಟ್ ಆರ್ಕೈವ್ ಮತ್ತು ಗೂಗಲ್, ಹೀಗೆ ಐದು ಕಡೆ ನೋಡದೆ ನನಗೆ ಸಮಾಧಾನವಾಗುವುದಿಲ್ಲ. ಆದರೆ ಪ್ರತಿ ಸಲವೂ ಪದವನ್ನು ಕಾಪಿ ಮಾಡಿ, ತಾಣ ತೆರೆದು, ಹುಡುಕುವ ಪೆಟ್ಟಿಗೆಯಲ್ಲಿ ಅಂಟಿಸಿ, ಎಂಟರ್ ಒತ್ತಿ, ಇದನ್ನೇ ಐದು ಬಾರಿ ಮಾಡುವಷ್ಟರಲ್ಲಿ ಅನುವಾದಿಸುತ್ತಿದ್ದ ವಾಕ್ಯವೇ ಮರೆತುಹೋಗುತ್ತದೆ. ಪದವನ್ನು ಗುರುತು ಮಾಡಿ ಒಂದೇ ಒಂದು ಕೀಲಿ ಒತ್ತಿದರೆ ಐದೂ ತಾಣಗಳ ಫಲಿತಾಂಶ ತೆರೆದುಕೊಳ್ಳುವಂತೆ ಮಾಡಲು ಸಾಧ್ಯವೇ? ನನ್ನದು ವಿಂಡೋಸ್ ಗಣಕ. ಪ್ರೋಗ್ರಾಮಿಂಗ್ ನನಗೆ ಬಾರದು.
– ಓರ್ವ ಅನುವಾದಕಿ, ಉಡುಪಿ

ಉತ್ತರ: ಸಾಧ್ಯವಿದೆ. ಒಂದಲ್ಲ, ಮೂರು ದಾರಿಗಳಿವೆ. ಅವುಗಳಿಗೆ ಹೋಗುವ ಮೊದಲು, ಇದು ಸಾಧ್ಯವಾಗುವುದಾದರೂ ಹೇಗೆ ಎಂಬುದನ್ನು ನಿಮ್ಮ ಕಣ್ಣಿನಿಂದಲೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕನ್ನಡ ವಿಕಿಪೀಡಿಯದಲ್ಲಿ ‘ಅಳಿವೆ’ ಎಂಬ ಪದವನ್ನು ಹುಡುಕಿ, ಫಲಿತಾಂಶದ ಪುಟ ಬಂದ ಮೇಲೆ ಬ್ರೌಸರಿನ ಮೇಲ್ಭಾಗದ ವಿಳಾಸವನ್ನು ಗಮನಿಸಿ. ವಿಳಾಸದ ನಡುವೆ ಒಂದು ಪ್ರಶ್ನಾರ್ಥಕ ಚಿಹ್ನೆಯೂ ಒಂದು ಸಮ ಚಿಹ್ನೆಯೂ ಇದ್ದು, ಆ ಸಮ ಚಿಹ್ನೆಯ ಬಲಗಡೆಗೆ ನೀವು ಹುಡುಕಿದ ಪದವೇ ಕುಳಿತಿರುತ್ತದೆ. ಆ ಪದವನ್ನು ಅಲ್ಲೇ ಅಳಿಸಿ ‘ಬಂದರು’ ಎಂದು ಬರೆದು ಎಂಟರ್ ಒತ್ತಿದರೆ, ಹುಡುಕುವ ಪೆಟ್ಟಿಗೆಯನ್ನು ಮುಟ್ಟದೆಯೇ ಬಂದರಿನ ಫಲಿತಾಂಶ ಬರುತ್ತದೆ. ಅಲರ್ ನಿಘಂಟಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಗೋಜಿಲ್ಲ. ಅಲ್ಲಿ ಓರೆಗೆರೆಯ ನಂತರ ಪದ ನೇರವಾಗಿ ಬರುತ್ತದೆ. ಅಂದರೆ ಪ್ರತಿ ತಾಣದ ಹುಡುಕಾಟವೂ ಒಂದು ಸ್ಥಿರವಾದ ವಿಳಾಸ ಮತ್ತು ಅದರೊಳಗೆ ಪದಕ್ಕಾಗಿ ಬಿಟ್ಟ ಒಂದು ಖಾಲಿ ಜಾಗ, ಅಷ್ಟೇ. ಆ ಖಾಲಿ ಜಾಗಕ್ಕೆ ಪದವನ್ನು ತುಂಬಿ ವಿಳಾಸವನ್ನು ಬ್ರೌಸರಿಗೆ ಒಪ್ಪಿಸುವುದನ್ನು ಯಂತ್ರಕ್ಕೆ ಕಲಿಸಿದರೆ ನಿಮ್ಮ ಕೆಲಸ ಆಯಿತು.

ಹುಡುಕಿದ ಪದ ವಿಳಾಸದಲ್ಲಿ ಕಾಣಿಸಿಕೊಳ್ಳದ ತಾಣಗಳೂ ಉಂಟು. ಅವು ಪದವನ್ನು ತೆರೆಮರೆಯಲ್ಲಿ ಕಳುಹಿಸುತ್ತವೆ. ಏನು ಹುಡುಕಿದರೂ ವಿಳಾಸ ಬದಲಾಗುವುದಿಲ್ಲ. ಅಂಥ ತಾಣಗಳನ್ನು ನಿಮ್ಮ ಪಟ್ಟಿಯಿಂದ ಆರಂಭದಲ್ಲೇ ಕೈಬಿಡಿ. ಅವುಗಳಿಗೂ ಉಪಾಯಗಳಿವೆಯಾದರೂ ತಾಣದವರು ಪುಟದ ವಿನ್ಯಾಸವನ್ನು ಸ್ವಲ್ಪ ಬದಲಿಸಿದರೂ ಅವು ಕೆಟ್ಟು ನಿಲ್ಲುತ್ತವೆ.

ಆ ವಿಳಾಸವನ್ನು ನೋಟ್‌ಪ್ಯಾಡಿಗೆ ಅಂಟಿಸಿದಾಗ ಕನ್ನಡ ಪದ ಮಾಯವಾಗಿ ಶೇಕಡಾ ಚಿಹ್ನೆಗಳ ಸರಮಾಲೆ ಕಂಡರೆ ಗಾಬರಿಯಾಗಬೇಡಿ. ವಿಳಾಸದೊಳಗೆ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟ್‌ಗಳಾಗಿ, ಪ್ರತಿ ಬೈಟೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರ–ಅಂಕಿಗಳಾಗಿ ಬರೆಯಲ್ಪಡುತ್ತದೆ. ‘ಉಡುಪಿ’ಯಲ್ಲಿ ಉ, ಡ, ಉಕಾರದ ಗುಣಿತ, ಪ, ಇಕಾರದ ಗುಣಿತ ಎಂದು ಐದು ಸಂಕೇತಗಳಿರುವುದರಿಂದ ನಿಮ್ಮ ಊರಿನ ಹೆಸರು ವಿಳಾಸದಲ್ಲಿ 45 ಚಿಹ್ನೆಗಳಷ್ಟು ಉದ್ದವಾಗುತ್ತದೆ, ‘ಮಂಗಳೂರು’ 63 ಆಗುತ್ತದೆ. ಇದನ್ನೆಲ್ಲ ಬ್ರೌಸರ್ ತಾನೇ ಮಾಡಿಕೊಳ್ಳುತ್ತದೆ, ನೀವು ಕನ್ನಡದಲ್ಲಿಯೇ ಬರೆದರೆ ಸಾಕು.

ಮೊದಲನೆಯ ದಾರಿಗೆ ಹೊಸ ತಂತ್ರಾಂಶವೇನೂ ಬೇಡ. ಕ್ರೋಮ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್ ವಿಭಾಗಕ್ಕೆ ಹೋದರೆ, ತಾಣಗಳ ಹುಡುಕಾಟವನ್ನು ನೀವೇ ಸೇರಿಸಿಕೊಳ್ಳುವ ಅವಕಾಶವಿದೆ. ಅಲ್ಲಿ ಹೆಸರು, ಶಾರ್ಟ್‌ಕಟ್, ವಿಳಾಸ ಎಂಬ ಮೂರು ಖಾನೆಗಳಿರುತ್ತವೆ. ವಿಳಾಸದ ಖಾನೆಯಲ್ಲಿ ಪದ ಇರಬೇಕಾದ ಜಾಗಕ್ಕೆ ಶೇಕಡಾ ಚಿಹ್ನೆಯನ್ನೂ ಅದಕ್ಕೆ ತಾಗಿದಂತೆ ಇಂಗ್ಲಿಷಿನ ಸಣ್ಣ ‘ಎಸ್’ ಅಕ್ಷರವನ್ನೂ ಬರೆಯಬೇಕು. ಶಾರ್ಟ್‌ಕಟ್ಟಿಗೆ ಒಂದೇ ಅಕ್ಷರ ಕೊಟ್ಟರೂ ಸಾಕು. ಆಮೇಲೆ ವಿಳಾಸದ ಜಾಗದಲ್ಲಿ ಆ ಅಕ್ಷರ ಒತ್ತಿ, ಟ್ಯಾಬ್ ಕೀಲಿ ಒತ್ತಿ, ಪದ ಅಂಟಿಸಿ ಎಂಟರ್ ಒತ್ತಿದರೆ ನೇರವಾಗಿ ಆ ತಾಣದ ಫಲಿತಾಂಶ ಬರುತ್ತದೆ. ಫೈರ್‌ಫಾಕ್ಸಿನಲ್ಲಿ ಬುಕ್‌ಮಾರ್ಕಿಗೆ ಕೀವರ್ಡ್ ಕೊಟ್ಟು ಇದೇ ಕೆಲಸವನ್ನು ಮಾಡಿಸಬಹುದು. ಇದರಲ್ಲಿ ಒಂದು ಸಲಕ್ಕೆ ಒಂದೇ ತಾಣ ತೆರೆಯುತ್ತದೆ ಎಂಬುದು ನಿಜ. ಆದರೂ ಇದನ್ನು ಹಗುರವಾಗಿ ತಳ್ಳಿಹಾಕಬೇಡಿ. ಒಂದು ವಾರ ಹೀಗೆ ಬಳಸಿದರೆ, ಐದು ತಾಣಗಳಲ್ಲಿ ನಿಮಗೆ ನಿಜವಾಗಿ ಉತ್ತರ ಕೊಡುವವು ಯಾವುವು, ಅಭ್ಯಾಸಬಲದಿಂದ ತೆರೆಯುವವು ಯಾವುವು ಎಂಬುದು ತಾನಾಗಿ ತಿಳಿಯುತ್ತದೆ. ನಾನು ಆರಂಭದಲ್ಲಿ ಒಂಬತ್ತು ತಾಣಗಳನ್ನು ಒಂದು ಕೀಲಿಗೆ ಕಟ್ಟಿದ್ದೆ. ಹುಡುಕುವುದಕ್ಕಿಂತ ಟ್ಯಾಬುಗಳನ್ನು ಮುಚ್ಚುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಈಗ ನಾಲ್ಕಕ್ಕೆ ಇಳಿಸಿದ್ದೇನೆ.

ಎರಡನೆಯ ದಾರಿಯ ಹೆಸರು ಗೋಲ್ಡನ್‌ಡಿಕ್ಟ್. ನಿಮ್ಮ ಕೆಲಸದ ಸ್ವರೂಪವನ್ನು ನೋಡಿದರೆ ನಾನು ಮೊದಲು ಸೂಚಿಸುವುದು ಇದನ್ನೇ. ಇದು ಉಚಿತವಾಗಿ ಸಿಗುವ, ಮುಕ್ತ ಆಕರದ ನಿಘಂಟು ತಂತ್ರಾಂಶ. ಹಲವು ನಿಘಂಟುಗಳನ್ನು ಇದರೊಳಗೆ ಜೋಡಿಸಿಟ್ಟರೆ, ಒಂದು ಪದಕ್ಕೆ ಎಲ್ಲ ನಿಘಂಟುಗಳ ಅರ್ಥವನ್ನೂ ಒಂದರ ಕೆಳಗೊಂದರಂತೆ ಒಂದೇ ಕಿಟಕಿಯಲ್ಲಿ ತೋರಿಸುತ್ತದೆ. ವಿಕಿಪೀಡಿಯ ಮತ್ತು ವಿಕ್ಷನರಿಗಳನ್ನು ಸೇರಿಸಿಕೊಳ್ಳಲು ಅದರಲ್ಲಿ ಪ್ರತ್ಯೇಕ ವ್ಯವಸ್ಥೆಯೇ ಇದ್ದು, ಇತರ ತಾಣಗಳನ್ನು ಮೇಲೆ ಹೇಳಿದಂತೆ ಖಾಲಿ ಜಾಗವಿರುವ ವಿಳಾಸದ ರೂಪದಲ್ಲಿ ಸೇರಿಸಬಹುದು. ಯಾವ ತಂತ್ರಾಂಶದಲ್ಲಿ ಓದುತ್ತಿದ್ದರೂ ಪದವನ್ನು ಗುರುತು ಮಾಡಿ, ಕಂಟ್ರೋಲ್ ಕೀಲಿಯನ್ನು ಹಿಡಿದುಕೊಂಡೇ ‘ಸಿ’ ಕೀಲಿಯನ್ನು ಎರಡು ಬಾರಿ ಒತ್ತಿದರೆ ಪುಟ್ಟ ಕಿಟಕಿಯೊಂದು ಮೇಲೆದ್ದು ಅರ್ಥ ತೋರಿಸುತ್ತದೆ. ನೀವು ಹೇಗೂ ಕಾಪಿ ಮಾಡಲು ಒಮ್ಮೆ ಒತ್ತುವ ಕೀಲಿಯನ್ನೇ ಇನ್ನೊಮ್ಮೆ ಒತ್ತುವುದರಿಂದ ಹೊಸ ಅಭ್ಯಾಸ ಮಾಡಿಕೊಳ್ಳುವ ಕಷ್ಟವೂ ಇಲ್ಲ. ಅಲರ್ ನಿಘಂಟು ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಟ್ಟ ಒಂದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳ ಸಂಗ್ರಹ. ಅದರ ದತ್ತಾಂಶ 2019ರಿಂದ ಮುಕ್ತ ಪರವಾನಗಿಯಡಿ ಲಭ್ಯವಿದೆ. ಆದ್ದರಿಂದ ತಕ್ಕ ರೂಪಕ್ಕೆ ಪರಿವರ್ತಿಸಿಕೊಂಡರೆ ಅದನ್ನು ಗಣಕದೊಳಗೇ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆಟಿಯ ಮಳೆಗೆ ಇಂಟರ್ನೆಟ್ ಕೈಕೊಟ್ಟ ದಿನವೂ ಕೆಲಸ ನಿಲ್ಲುವುದಿಲ್ಲ.

ಗೋಲ್ಡನ್‌ಡಿಕ್ಟಿನ ಕೊರತೆಯೆಂದರೆ, ಎಲ್ಲ ತಾಣಗಳೂ ಅದರ ಕಿಟಕಿಯೊಳಗೆ ಸರಿಯಾಗಿ ತೆರೆದುಕೊಳ್ಳುವುದಿಲ್ಲ. ಗೂಗಲ್ ಮತ್ತು ಇಂಟರ್ನೆಟ್ ಆರ್ಕೈವಿನಂಥವುಗಳಿಗೆ ಬ್ರೌಸರೇ ಬೇಕು. ನೀವು ಕೇಳಿದ ‘ಒಂದು ಕೀಲಿ, ಐದು ತಾಣ’ ಎಂಬುದು ಅಕ್ಷರಶಃ ಆಗಬೇಕಿದ್ದರೆ ಮೂರನೆಯ ದಾರಿಯಾದ ಆಟೋಹಾಟ್‌ಕೀಗೆ ಬರಬೇಕು.

ಆಟೋಹಾಟ್‌ಕೀ 2003ರಿಂದ ಬಳಕೆಯಲ್ಲಿರುವ, ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಉಚಿತ ತಂತ್ರಾಂಶ. ಯಾವ ಕೀಲಿ ಒತ್ತಿದರೆ ಏನಾಗಬೇಕು ಎಂಬುದನ್ನು ಒಂದು ಸಾಮಾನ್ಯ ಪಠ್ಯ ಕಡತದಲ್ಲಿ ಬರೆದಿಟ್ಟರೆ ಅದು ಹಾಗೆಯೇ ನಡೆಸಿಕೊಡುತ್ತದೆ. ಆ ಕಡತಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ. ಸ್ಕ್ರಿಪ್ಟಿನ ಸಾಲುಗಳನ್ನು ಇಲ್ಲಿ ಅಚ್ಚು ಮಾಡದಿರುವುದಕ್ಕೆ ಕಾರಣವಿದೆ. ಪುಟ ವಿನ್ಯಾಸದಲ್ಲಿ ನೇರ ಉದ್ಧರಣ ಚಿಹ್ನೆಗಳೆಲ್ಲ ಬಾಗಿದ ಚಿಹ್ನೆಗಳಾಗಿ ಬದಲಾಗುತ್ತವೆ. ಕರಡು ತಿದ್ದುವ ನಿಮಗೆ ಇದು ಹೊಸತಲ್ಲ. ಅಂಥ ಒಂದೇ ಒಂದು ಚಿಹ್ನೆ ಉಳಿದರೂ ಸ್ಕ್ರಿಪ್ಟ್ ಓಡುವುದಿಲ್ಲ. ಆದ್ದರಿಂದ ಸ್ಕ್ರಿಪ್ಟ್ ಏನೇನು ಮಾಡಬೇಕು ಎಂಬುದನ್ನು ಮಾತಿನಲ್ಲಿಯೇ ಹೇಳುತ್ತೇನೆ. ಬಲ್ಲವರೊಬ್ಬರಿಗೆ ಇದನ್ನು ಓದಿ ಹೇಳಿದರೆ ಕಾಲು ಗಂಟೆಯಲ್ಲಿ ಬರೆದುಕೊಟ್ಟಾರು, ಅಥವಾ ಆಟೋಹಾಟ್‌ಕೀಯ ಸಹಾಯ ಪುಟಗಳಲ್ಲಿರುವ ಉದಾಹರಣೆಗಳನ್ನು ನೋಡಿಕೊಂಡು ನೀವೇ ಬರೆಯಬಹುದು.

ಕೀಲಿ ಒತ್ತಿದ ಕೂಡಲೇ ಸ್ಕ್ರಿಪ್ಟ್ ಮೊದಲು, ಕಾಪಿ ಮಾಡಿದ್ದು ತಾತ್ಕಾಲಿಕವಾಗಿ ಉಳಿಯುವ ಜಾಗವಾದ ಕ್ಲಿಪ್‌ಬೋರ್ಡಿನಲ್ಲಿ ಆಗಲೇ ಇರುವುದನ್ನು ಬೇರೆಡೆ ಎತ್ತಿಟ್ಟುಕೊಳ್ಳಬೇಕು. ನನ್ನ ಮೊದಲ ಸ್ಕ್ರಿಪ್ಟಿನಲ್ಲಿ ಈ ಹೆಜ್ಜೆ ಇರಲಿಲ್ಲ. ಒಂದು ಮಧ್ಯಾಹ್ನ ಒಂದು ಕಡತದಿಂದ ಇಡೀ ಕಂಡಿಕೆಯೊಂದನ್ನು ಕತ್ತರಿಸಿ, ಉಳಿಸಿ, ಮುಚ್ಚಿ, ಇನ್ನೊಂದು ಕಡತದಲ್ಲಿ ಅದನ್ನು ಅಂಟಿಸುವ ಮೊದಲು ‘ಇದೊಂದು ಪದ ನೋಡಿಬಿಡೋಣ’ ಎಂದು ಕೀಲಿ ಒತ್ತಿದೆ. ಪದದ ಅರ್ಥ ಸಿಕ್ಕಿತು, ಕಂಡಿಕೆ ಹೋಯಿತು. ಅದನ್ನು ನೆನಪಿನಿಂದ ಮತ್ತೆ ಬರೆದ ಮೇಲೆ, ಹಳೆಯದನ್ನು ಎತ್ತಿಟ್ಟು ಕೊನೆಯಲ್ಲಿ ಮರಳಿ ಇಡುವ ಎರಡು ಸಾಲುಗಳನ್ನು ಸೇರಿಸಿದೆ. ವಿಂಡೋಸ್ 10ರಲ್ಲಿ 2018ರಿಂದ ಕ್ಲಿಪ್‌ಬೋರ್ಡ್ ಇತಿಹಾಸವನ್ನು ಉಳಿಸಿಕೊಳ್ಳುವ ಸೌಲಭ್ಯವೂ ಇದೆ. ವಿಂಡೋಸ್ ಕೀಲಿಯೊಂದಿಗೆ ‘ವಿ’ ಒತ್ತಿ ಅದನ್ನು ಒಮ್ಮೆ ಚಾಲೂ ಮಾಡಿಟ್ಟುಕೊಳ್ಳಿ. ಸ್ಕ್ರಿಪ್ಟ್ ಇರಲಿ ಬಿಡಲಿ, ಕರಡು ತಿದ್ದುವವರಿಗೆ ಅದು ಬೇಕೇ ಬೇಕು.

ಆಮೇಲೆ ಸ್ಕ್ರಿಪ್ಟ್ ಕ್ಲಿಪ್‌ಬೋರ್ಡನ್ನು ಖಾಲಿ ಮಾಡಿ, ಕಂಟ್ರೋಲ್–ಸಿ ಒತ್ತಿದಂತೆ ನಟಿಸಿ, ಪದ ಬಂದು ಸೇರುವವರೆಗೆ ಒಂದು ಸೆಕೆಂಡಿನಷ್ಟು ಕಾಯಬೇಕು. ಬಾರದಿದ್ದರೆ ಸುಮ್ಮನೆ ನಿಂತುಬಿಡಬೇಕು. ಖಾಲಿ ಮಾಡುವುದನ್ನೂ ಕಾಯುವುದನ್ನೂ ಬಿಟ್ಟರೆ, ಈಗಿನ ಪದದ ಬದಲು ಹಿಂದಿನ ಸಲದ ಪದವೇ ಐದೂ ಕಡೆ ಹುಡುಕಲ್ಪಟ್ಟು ತಲೆ ಕೆರೆದುಕೊಳ್ಳುವಂತಾಗುತ್ತದೆ. ಪದ ಬಂದ ಮೇಲೆ ಅದರ ಹಿಂದುಮುಂದಿನ ತೆರಪುಗಳನ್ನು ಕತ್ತರಿಸಬೇಕು. ವರ್ಡ್‌ನಲ್ಲಿ ಪದದ ಮೇಲೆ ಎರಡು ಬಾರಿ ಕ್ಲಿಕ್ಕಿಸಿದಾಗ ಅದರ ಮುಂದಿನ ತೆರಪೂ ಸೇರಿಯೇ ಗುರುತಾಗುವುದರಿಂದ ಇದು ಅಗತ್ಯ.

ಕೊನೆಯದಾಗಿ ಬ್ರೌಸರನ್ನು ತೆರೆಯುವ ಸಾಲು. ಐದು ವಿಳಾಸಗಳನ್ನು ಐದು ಬಾರಿ ತೆರೆಯಿಸುವ ಬದಲು, ಕ್ರೋಮ್ ಅಥವಾ ಎಡ್ಜ್ ಬ್ರೌಸರಿಗೆ ‘ಹೊಸ ಕಿಟಕಿ’ ಎಂಬ ಸೂಚನೆಯೊಂದಿಗೆ ಐದನ್ನೂ ಒಂದೇ ಸಾಲಿನಲ್ಲಿ ಕೊಡುವಂತೆ ಬರೆಯಿಸಿಕೊಳ್ಳಿ. ಆಗ ಐದೂ ಟ್ಯಾಬುಗಳು ಪ್ರತ್ಯೇಕ ಕಿಟಕಿಯೊಂದರಲ್ಲಿ, ಯಾವಾಗಲೂ ಒಂದೇ ಕ್ರಮದಲ್ಲಿ ತೆರೆಯುತ್ತವೆ. ಕಂಟ್ರೋಲ್–1 ಒತ್ತಿದರೆ ಅಲರ್, ಕಂಟ್ರೋಲ್–2 ಒತ್ತಿದರೆ ವಿಕ್ಷನರಿ ಎಂದು ಎರಡು ದಿನದಲ್ಲಿ ಬೆರಳಿಗೆ ರೂಢಿಯಾಗುತ್ತದೆ. ನೋಡಿ ಮುಗಿದ ಮೇಲೆ ಕಂಟ್ರೋಲ್–ಶಿಫ್ಟ್–ಡಬ್ಲ್ಯೂ ಒತ್ತಿದರೆ ಇಡೀ ಕಿಟಕಿ ಮುಚ್ಚುತ್ತದೆ, ನಿಮ್ಮ ಇತರ ಟ್ಯಾಬುಗಳಿಗೆ ಏನೂ ಆಗುವುದಿಲ್ಲ. ಈ ಏರ್ಪಾಡಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಹುಡುಕುವ ಕೀಲಿಗಿಂತ ಈ ಮುಚ್ಚುವ ಕೀಲಿಯೇ.

ಯಾವ ಕೀಲಿಯನ್ನು ಆರಿಸಬೇಕು? ಸ್ಕ್ರಿಪ್ಟಿನಲ್ಲಿ ಕಂಟ್ರೋಲ್ ಕೀಲಿಗೆ ^, ಆಲ್ಟ್ ಕೀಲಿಗೆ !, ಶಿಫ್ಟ್ ಕೀಲಿಗೆ +, ವಿಂಡೋಸ್ ಕೀಲಿಗೆ # ಎಂಬ ಚಿಹ್ನೆಗಳಿದ್ದು, ಯಾವ ಜೋಡಿಯನ್ನು ಬೇಕಾದರೂ ಬರೆಯಬಹುದು. ಆದರೆ ಕನ್ನಡ ಕೀಲಿಮಣೆಯ ವಿನ್ಯಾಸ ಚಾಲೂ ಇರುವಾಗ ಅಕ್ಷರದ ಕೀಲಿಗಳನ್ನು ನಂಬುವುದಕ್ಕಿಂತ ಅಕ್ಷರವಲ್ಲದ ಕೀಲಿಯೇ ವಾಸಿ. ಮೇಜಿನ ಮೇಲಿನ ದೊಡ್ಡ ಕೀಲಿಮಣೆಯಾದರೆ ಅದರ ಬಲಭಾಗದ ಮೇಲ್ತುದಿಯಲ್ಲಿ ‘ಪಾಸ್–ಬ್ರೇಕ್’ ಎಂಬ ಕೀಲಿ ವರ್ಷಗಟ್ಟಲೆ ಯಾರೂ ಮುಟ್ಟದೆ ಧೂಳು ತಿನ್ನುತ್ತಿರುತ್ತದೆ. ನಾನು ಅದಕ್ಕೇ ಈ ಕೆಲಸ ಕೊಟ್ಟಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಆ ಕೀಲಿ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ವಿಂಡೋಸ್ ಕೀಲಿಯೊಂದಿಗೆ ಮೇಲಿನ ಸಾಲಿನ ಎಫ್9 ಕೀಲಿಯನ್ನು ಸೇರಿಸಿ ನೋಡಿ.

ಒಂದು ಎಚ್ಚರಿಕೆ. ಆಟೋಹಾಟ್‌ಕೀಯ ಎರಡನೆಯ ಆವೃತ್ತಿ 2022ರ ಡಿಸೆಂಬರಿನಲ್ಲಿ ಬಂತು. ಅದರ ಬರವಣಿಗೆಯ ಕ್ರಮ ಮೊದಲನೆಯದಕ್ಕಿಂತ ಬೇರೆ. ಅಂತರಜಾಲದಲ್ಲಿ ಸಿಗುವ ಸಿದ್ಧ ಸ್ಕ್ರಿಪ್ಟುಗಳಲ್ಲಿ ಬಹಳಷ್ಟು ಹಳೆಯ ಕ್ರಮದವು, ಅವು ಹೊಸದರಲ್ಲಿ ಓಡುವುದಿಲ್ಲ. ಅಲ್ಲದೆ ಹಳೆಯ ಆವೃತ್ತಿಯಲ್ಲಿ ಸ್ಕ್ರಿಪ್ಟಿನೊಳಗೆ ಕನ್ನಡ ಅಕ್ಷರ ಬರೆಯಬೇಕಾದರೆ ಕಡತವನ್ನು ಉಳಿಸುವ ಬಗೆಯಲ್ಲಿ ವಿಶೇಷ ಎಚ್ಚರ ಬೇಕಿತ್ತು. ಹೊಸದು ಯೂನಿಕೋಡ್ (ಎಲ್ಲ ಲಿಪಿಗಳಿಗೂ ಒಂದೇ ಆದ ಸಂಕೇತಪದ್ಧತಿ) ಪಠ್ಯವನ್ನು ತಾನಾಗಿಯೇ ಸರಿಯಾಗಿ ಓದುತ್ತದೆ. ಆದ್ದರಿಂದ ಎರಡನೆಯದನ್ನೇ, ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಐದೂ ಟ್ಯಾಬುಗಳು ‘ಫಲಿತಾಂಶವಿಲ್ಲ’ ಎಂದು ಹೇಳುವ ಸಂದರ್ಭ ನಿಮಗೆ ಖಂಡಿತ ಬರುತ್ತದೆ. ಆಗ ತಪ್ಪು ಕೀಲಿಯದಲ್ಲ, ಕೀಲಿ ಎತ್ತಿಕೊಂಡು ಹೋದ ಪದದ್ದು. ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೆ ಇಲ್ಲದ ನಾಲ್ಕಾರು ತೊಡಕುಗಳು ಕನ್ನಡದವರಿಗಿವೆ.

ಎಲ್ಲರಿಗೂ ತಿಳಿದಿರುವುದು ಪ್ರತ್ಯಯದ ತೊಡಕು. ‘ಅಳಿವೆಯಲ್ಲಿ’ ಎಂದು ವಾಕ್ಯದಲ್ಲಿರುವುದನ್ನು ಹಾಗೆಯೇ ಎತ್ತಿಕೊಂಡು ಹೋದರೆ ನಿಘಂಟು ಕೈಚೆಲ್ಲುತ್ತದೆ. ಅಲ್ಲಿರುವುದು ‘ಅಳಿವೆ’ ಮಾತ್ರ. ಪದದ ಮೇಲೆ ಎರಡು ಬಾರಿ ಕ್ಲಿಕ್ಕಿಸುವ ಬದಲು, ಶಿಫ್ಟ್ ಹಿಡಿದು ಬಾಣದ ಕೀಲಿಯಿಂದ ಪ್ರಕೃತಿಯನ್ನಷ್ಟೇ, ಅಂದರೆ ಪ್ರತ್ಯಯ ಸೇರದ ಮೂಲ ರೂಪವನ್ನಷ್ಟೇ, ಗುರುತು ಮಾಡುವ ಅಭ್ಯಾಸ ಮಾಡಿಕೊಳ್ಳಿ. ಪ್ರತ್ಯಯವನ್ನು ಸ್ಕ್ರಿಪ್ಟಿನಿಂದಲೇ ಕತ್ತರಿಸಿಬಿಡೋಣ ಎಂಬ ಆಸೆ ಬಂದರೆ ಅದನ್ನು ಬಿಟ್ಟುಬಿಡುವುದು ಲೇಸು. ‘ಹಲ್ಲಿ’ಯ ಕೊನೆಯಲ್ಲಿ ‘ಅಲ್ಲಿ’ ಕಂಡು ಅದನ್ನೂ ಕತ್ತರಿಸಿ ‘ಹ್’ ಎಂದು ಹುಡುಕುವ ಯಂತ್ರಕ್ಕೆ ಸಂಧಿ ಕಲಿಸುವುದು ಒಂದು ಮಧ್ಯಾಹ್ನದ ಕೆಲಸವಲ್ಲ.

ಮುದ್ರಣಾಲಯದವರ ಕಡತಗಳನ್ನು ತಿದ್ದುವ ನಿಮಗೆ ಇದಕ್ಕಿಂತ ದೊಡ್ಡ ತೊಡಕು ಹಳೆಯ ಅಕ್ಷರಶೈಲಿಗಳದ್ದು. ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿ ಬಳಸಿ ಕೂಡಿಸಿದ ಪುಟದಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳು. ಅವುಗಳಿಗೆ ಕನ್ನಡದ ವೇಷ ತೊಡಿಸುವುದು ಅಕ್ಷರಶೈಲಿ. ಕಾಪಿ ಮಾಡಿ ಬ್ರೌಸರಿಗೆ ತಂದಾಗ ವೇಷ ಕಳಚಿ ಬೀಳುತ್ತದೆ. ಪರೀಕ್ಷಿಸುವುದು ಸುಲಭ. ಪದವನ್ನು ವಿಳಾಸದ ಜಾಗದಲ್ಲಿ ಅಂಟಿಸಿ ನೋಡಿ. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಇಲ್ಲವಾದರೆ ಹಳೆಯ ಸಂಕೇತ. ಅಂಥ ಕಡತ ಬಂದಾಗ ಇಡೀ ಪಠ್ಯವನ್ನು ಒಮ್ಮೆ ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು ಪಕ್ಕದಲ್ಲಿಟ್ಟುಕೊಂಡು, ಹುಡುಕಾಟವನ್ನು ಆ ಪ್ರತಿಯಿಂದಲೇ ಮಾಡಿ. ಪಿಡಿಎಫ್ ಕಡತಗಳ ಗತಿಯೂ ಹೆಚ್ಚುಕಡಿಮೆ ಇದೇ. ಅನೇಕ ಕನ್ನಡ ಪಿಡಿಎಫ್‌ಗಳಿಂದ ಕಾಪಿ ಮಾಡಿದಾಗ ಒತ್ತಕ್ಷರಗಳೂ ಗುಣಿತಗಳೂ ಸ್ಥಾನಪಲ್ಲಟಗೊಂಡು ಬರುತ್ತವೆ. ಅಂಥಲ್ಲಿ ಪದವನ್ನು ಕೈಯಿಂದಲೇ ಟೈಪ್ ಮಾಡುವುದು ಬೇಗ.

ಇನ್ನೊಂದು ತೊಡಕು ಕಣ್ಣಿಗೆ ಬೀಳುವುದೇ ಇಲ್ಲ. ‘ಸಂಗತಿ’ ಎಂಬಲ್ಲಿನ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿರುವ ಎಷ್ಟೋ ಕಡತಗಳು ನನ್ನ ಕೈಗೆ ಬಂದಿವೆ. ಅಚ್ಚಿನಲ್ಲಿ ಎರಡಕ್ಕೂ ವ್ಯತ್ಯಾಸ ಕಾಣದು, ಆದರೆ ಹುಡುಕಾಟಕ್ಕೆ ಅವು ಎರಡು ಬೇರೆ ಪದಗಳು. ಬಾಣದ ಕೀಲಿಯಿಂದ ಪದದ ಮೇಲೆ ನಡೆದು ನೋಡಿ. ‘ಸಂ’ ಒಂದೇ ಹೆಜ್ಜೆಗೆ ದಾಟಿದರೆ ಅನುಸ್ವಾರ, ಎರಡು ಹೆಜ್ಜೆ ಬೇಕಾದರೆ ಸೊನ್ನೆ. ಇದನ್ನು ಮಾತ್ರ ಸ್ಕ್ರಿಪ್ಟ್ ತಿದ್ದಬಲ್ಲದು. ನಿಘಂಟಿನ ಪದಗಳಲ್ಲಿ ಅಂಕಿ ಬರುವ ಸಂಭವವಿಲ್ಲವಾದ್ದರಿಂದ, ಹುಡುಕುವ ಮೊದಲು ಸೊನ್ನೆಯನ್ನೆಲ್ಲ ಅನುಸ್ವಾರ ಮಾಡು ಎಂಬ ಒಂದು ಸಾಲು ಸೇರಿಸಿಕೊಳ್ಳಿ. ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಅಕ್ಷರಗಳು ಒತ್ತಾಗದಂತೆ ತಡೆಯುವ ಅಗೋಚರ ಚಿಹ್ನೆಯೊಂದು ಇರುತ್ತದೆ. ಅದು ಒಬ್ಬರ ಬರಹದಲ್ಲಿದ್ದು ಇನ್ನೊಬ್ಬರದರಲ್ಲಿ ಇಲ್ಲದಿದ್ದರೂ ಪದ ಸಿಗದೆ ಹೋಗಬಹುದು.

ಪ್ರಶ್ನೆ: ನನ್ನ ಹುಡುಕಾಟ ಹೆಚ್ಚಾಗಿ ತುಳು ಪದಗಳದ್ದು. ಕಿಟ್ಟೆಲ್ ಮತ್ತು ಮ್ಯಾನರ್ ಅವರ ನಿಘಂಟುಗಳನ್ನೂ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶವನ್ನೂ ಹೀಗೆ ಒಂದು ಕೀಲಿಗೆ ಕಟ್ಟಬಹುದೇ?
– ಓರ್ವ ನಿವೃತ್ತ ಅಧ್ಯಾಪಕರು, ಮಂಗಳೂರು

ಉತ್ತರ: ಭಾಗಶಃ ಮಾತ್ರ. ನೀವು ಹೇಳಿದ ಎರಡು ನಿಘಂಟುಗಳೂ ನಿಮ್ಮ ಊರಿನವೇ. ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ, ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರಿಂದ ಅಚ್ಚಾದವು. ಕಿಟ್ಟೆಲರ ನಿಘಂಟಿನ ಪುಟಗಳ ಚಿತ್ರಗಳು ಇಂಟರ್ನೆಟ್ ಆರ್ಕೈವಿನಲ್ಲಿ ಸಿಗುತ್ತವೆ. ಆದರೆ ಚಿತ್ರರೂಪದ ಪುಟದೊಳಗಿನ ಕನ್ನಡ ಪದಕ್ಕೆ ವಿಳಾಸದಲ್ಲಿ ಖಾಲಿ ಜಾಗವಿರುವುದಿಲ್ಲ. ಕೀಲಿ ನಿಮಗೆ ಪುಸ್ತಕವನ್ನು ಬಿಡಿಸಿಕೊಟ್ಟೀತು, ಪುಟವನ್ನು ನೀವೇ ತಿರುವಬೇಕು.

ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶದ 1984ರ ಪರಿಷ್ಕೃತ ಆವೃತ್ತಿಯನ್ನು ಷಿಕಾಗೊ ವಿಶ್ವವಿದ್ಯಾಲಯದ ನಿಘಂಟು ತಾಣದಲ್ಲಿ ಹುಡುಕಬಹುದು. ಅಲ್ಲಿಯ ತೊಡಕೆಂದರೆ ಆ ಕೋಶದಲ್ಲಿ ಎಲ್ಲ ಭಾಷೆಗಳ ಪದಗಳೂ ರೋಮನ್ ಲಿಪಿಯಲ್ಲಿವೆ. ಕನ್ನಡ ಲಿಪಿಯಲ್ಲಿ ಕಳುಹಿಸಿದ ಪದ ಅಲ್ಲಿ ಸಿಗಲಾರದು. ಆದ್ದರಿಂದ ಕನ್ನಡ ಲಿಪಿಯ ತಾಣಗಳಿಗೆ ಒಂದು ಕೀಲಿ, ರೋಮನ್ ಲಿಪಿಯಲ್ಲಿ ಹುಡುಕಬೇಕಾದ ತಾಣಗಳಿಗೆ ಇನ್ನೊಂದು ಕೀಲಿ ಎಂದು ಎರಡು ಗುಂಪು ಮಾಡಿಕೊಳ್ಳಿ. ಮೊದಲನೆಯ ಗುಂಪಿಗೆ 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯವನ್ನು ಸೇರಿಸಲು ಮರೆಯಬೇಡಿ. ಅದು ಕನ್ನಡ ಲಿಪಿಯಲ್ಲೇ ಇದೆ. ಇನ್ನು, ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಆರು ಸಂಪುಟಗಳಲ್ಲಿ ಬಂದ ತುಳು ನಿಘಂಟು ನಿಮ್ಮ ಕಪಾಟಿನಲ್ಲಿದ್ದರೆ, ಅದರ ಎದುರು ಈ ಕೀಲಿಗಳೆಲ್ಲ ಪೂರ್ವಸಿದ್ಧತೆ ಮಾತ್ರ.

ಪ್ರಶ್ನೆ: ಬಂದರು ಪ್ರದೇಶದಲ್ಲಿ ನಮ್ಮದು ದೋಣಿಯ ಎಂಜಿನುಗಳ ಬಿಡಿಭಾಗಗಳ ಅಂಗಡಿ. ಗಿರಾಕಿ ಭಾಗದ ನಂಬರ್ ಹೇಳಿದ ಕೂಡಲೇ ಮೂರು ನಾಲ್ಕು ತಾಣಗಳಲ್ಲಿ ದರ ನೋಡಬೇಕಾಗುತ್ತದೆ. ಅಂಗಡಿಯ ಗಣಕಕ್ಕೆ ಹೊಸ ತಂತ್ರಾಂಶ ಹಾಕಲು ಮಗ ಒಪ್ಪುವುದಿಲ್ಲ. ಬೇರೆ ಉಪಾಯವಿದೆಯೇ?
– ಓರ್ವ ವ್ಯಾಪಾರಿ, ಮಂಗಳೂರು

ಉತ್ತರ: ನಿಮ್ಮ ಮಗ ಹೇಳುವುದರಲ್ಲಿ ಅರ್ಥವಿದೆ. ಲೆಕ್ಕಪತ್ರ, ಬ್ಯಾಂಕಿನ ವ್ಯವಹಾರ ಎಲ್ಲ ಇರುವ ಗಣಕದಲ್ಲಿ ಕೀಲಿ ಒತ್ತುವುದನ್ನು ಗಮನಿಸುತ್ತಿರುವ ತಂತ್ರಾಂಶ ಬೇಡವೆನ್ನುವುದು ತಪ್ಪಲ್ಲ. ನಿಮಗೆ ಬುಕ್‌ಮಾರ್ಕ್‌ಲೆಟ್ ಸಾಕು. ಬುಕ್‌ಮಾರ್ಕಿನಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಒಂದು ಸಾಲಿನ ಜಾವಾಸ್ಕ್ರಿಪ್ಟ್ (ಬ್ರೌಸರಿಗೆ ಆದೇಶ ಕೊಡುವ ಭಾಷೆ) ಬರೆದಿಟ್ಟರೆ, ಅದನ್ನು ಒತ್ತಿದಾಗ ಪುಟ್ಟ ಪೆಟ್ಟಿಗೆ ತೆರೆದು ನಂಬರ್ ಕೇಳುತ್ತದೆ. ನಂಬರ್ ಕೊಟ್ಟ ಕೂಡಲೇ ಅಮೆಜಾನ್, ಫ್ಲಿಪ್‌ಕಾರ್ಟ್ ಮತ್ತು ನಿಮಗೆ ಬೇಕಾದ ಇತರ ತಾಣಗಳನ್ನು ಬೇರೆ ಬೇರೆ ಟ್ಯಾಬುಗಳಲ್ಲಿ ತೆರೆಯುತ್ತದೆ.

ಮೊದಲ ಸಲ ಒತ್ತಿದಾಗ ಒಂದೇ ಟ್ಯಾಬ್ ತೆರೆದು ಉಳಿದವು ತೆರೆಯದಿದ್ದರೆ ಸ್ಕ್ರಿಪ್ಟ್ ಕೆಟ್ಟಿದೆ ಎಂದುಕೊಳ್ಳಬೇಡಿ. ಒಂದು ಕ್ಲಿಕ್ಕಿಗೆ ಒಂದೇ ಹೊಸ ಕಿಟಕಿ ಎಂಬುದು ಬ್ರೌಸರಿನ ಪಾಪ್‌ಅಪ್ ಕಾವಲಿನ ನಿಯಮ. ವಿಳಾಸದ ಬಲತುದಿಯಲ್ಲಿ ಸಣ್ಣ ಗುರುತೊಂದು ಕಾಣಿಸಿಕೊಳ್ಳುತ್ತದೆ, ಅದನ್ನು ಒತ್ತಿ ಅನುಮತಿ ಕೊಡಬೇಕು. ಈ ಅನುಮತಿ ನೀವು ಆಗ ತೆರೆದುಕೊಂಡಿರುವ ತಾಣಕ್ಕೆ ಸೀಮಿತವಾದದ್ದು. ಆದ್ದರಿಂದ ಯಾವುದಾದರೂ ಒಂದು ತಾಣಕ್ಕೆ ಮಾತ್ರ ಅನುಮತಿ ಕೊಟ್ಟು, ಬುಕ್‌ಮಾರ್ಕ್‌ಲೆಟ್ಟನ್ನು ಯಾವಾಗಲೂ ಅಲ್ಲಿಂದಲೇ ಒತ್ತಿ. ಎಲ್ಲ ತಾಣಗಳಿಗೂ ಅನುಮತಿ ಎಂದು ಕೊಟ್ಟುಬಿಟ್ಟರೆ ಜಾಹೀರಾತುಗಳು ಅಂಗಡಿಗೆ ನುಗ್ಗುತ್ತವೆ.

ಭಾಗದ ನಂಬರುಗಳಲ್ಲಿ #, & ಅಥವಾ + ಇದ್ದರೆ ವಿಳಾಸದಲ್ಲಿ ಅವುಗಳಿಗೆ ಬೇರೆಯೇ ಅರ್ಥವಿದೆ. # ಬಂದಲ್ಲಿಗೆ ವಿಳಾಸ ಮುಗಿದಂತೆ, & ಬಂದರೆ ಮುಂದಿನದು ಇನ್ನೊಂದು ವಿಷಯವಾದಂತೆ, + ಎಂದರೆ ಖಾಲಿ ಜಾಗವಿದ್ದಂತೆ ತಾಣ ಅರ್ಥ ಮಾಡಿಕೊಳ್ಳುತ್ತದೆ. ಅರ್ಧ ನಂಬರಿನ ಫಲಿತಾಂಶ ನೋಡಿ ಗಿರಾಕಿಗೆ ಬೇರೆ ಭಾಗದ ದರ ಹೇಳುವ ಅಪಾಯ ಇಲ್ಲಿದೆ. ಜಾವಾಸ್ಕ್ರಿಪ್ಟಿನಲ್ಲಿ ಇಂಥ ಚಿಹ್ನೆಗಳನ್ನು ಸುರಕ್ಷಿತ ರೂಪಕ್ಕೆ ಬದಲಿಸುವ ಆದೇಶ ಮೊದಲೇ ಇದೆ. ಬರೆದುಕೊಡುವವರಿಗೆ ಅದನ್ನು ಬಳಸಲು ಹೇಳಿ. ಆಟೋಹಾಟ್‌ಕೀಯಲ್ಲಿ ಅಂಥ ಸಿದ್ಧ ಆದೇಶವಿಲ್ಲ, ಬೇರೆಯಾಗಿ ಬರೆದುಕೊಳ್ಳಬೇಕು.

ಪ್ರಶ್ನೆ: ಮ್ಯಾಕ್ ಗಣಕದಲ್ಲಿಯೂ ಫೋನಿನಲ್ಲಿಯೂ ಇದು ಆಗುತ್ತದೆಯೇ?
– ಓರ್ವ ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಮ್ಯಾಕ್‌ನಲ್ಲಿ 2021ರ ಆವೃತ್ತಿಯಿಂದ ‘ಶಾರ್ಟ್‌ಕಟ್ಸ್’ ಎಂಬ ಆ್ಯಪ್ ಜೊತೆಗೇ ಬರುತ್ತದೆ. ಗುರುತು ಮಾಡಿದ ಪಠ್ಯವನ್ನು ತೆಗೆದುಕೊ, ವಿಳಾಸಗಳಲ್ಲಿ ತುಂಬು, ತೆರೆ ಎಂಬ ಹೆಜ್ಜೆಗಳನ್ನು ಅದರಲ್ಲಿ ಒಂದರ ಕೆಳಗೊಂದು ಜೋಡಿಸಿ ಕೀಲಿಯೊಂದನ್ನು ಕೊಡಬಹುದು. ಬರೆಯುವ ಕೆಲಸವಿಲ್ಲ. ಐಫೋನಿನಲ್ಲಿಯೂ ಇದೇ ಆ್ಯಪ್ ಇದ್ದು, ಅಲ್ಲಿ ಕೀಲಿಯ ಬದಲು ಹಂಚಿಕೊಳ್ಳುವ ಪಟ್ಟಿಯಿಂದ ಅದನ್ನು ನಡೆಸಬೇಕು.

ಆಂಡ್ರಾಯ್ಡ್ ಫೋನಿನಲ್ಲಿ ಐದು ಟ್ಯಾಬುಗಳ ಹಟ ಬಿಡಿ. ಗೂಗಲ್ ಹುಡುಕಾಟದಲ್ಲಿ ಪದದ ಮುಂದೆ ‘ಸೈಟ್’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ತೆರಪು ಬಿಡದೆ ತಾಣದ ವಿಳಾಸ ಬರೆದರೆ ಆ ತಾಣದ ಫಲಿತಾಂಶಗಳಷ್ಟೇ ಬರುತ್ತವೆ. ಇಂಥ ಎರಡು ಮೂರು ತಾಣಗಳ ನಡುವೆ ‘ಆರ್’ ಎಂಬ ಇಂಗ್ಲಿಷ್ ಪದವನ್ನು ದೊಡ್ಡಕ್ಷರಗಳಲ್ಲಿ ಬರೆದರೆ ಎಲ್ಲವೂ ಒಂದೇ ಪುಟದಲ್ಲಿ ಬರುತ್ತವೆ. ಈ ಉದ್ದನೆಯ ಸಾಲನ್ನು ಫೋನಿನ ಕೀಲಿಮಣೆಯ ವೈಯಕ್ತಿಕ ನಿಘಂಟಿನಲ್ಲಿ ಎರಡಕ್ಷರದ ಸಂಕ್ಷೇಪವಾಗಿ ಉಳಿಸಿಟ್ಟುಕೊಂಡರೆ ಪ್ರತಿ ಸಲ ಟೈಪ್ ಮಾಡಬೇಕಾಗಿಲ್ಲ.